ಹೆಸರಿನ ಮೇಲೆ ಬಿದ್ದ ಗೆರೆ: ಲೈವ್‌ಜರ್ನಲ್ ಬಿಟ್ಟವರು ಡ್ರೀಮ್‌ವಿಡ್ತ್‌ಗೆ ಬಂದದ್ದು ಹೇಗೆ

2007ರ ಮೇ ತಿಂಗಳ ಕೊನೆಯಲ್ಲಿ ಲೈವ್‌ಜರ್ನಲ್ ಎಂಬ ಬ್ಲಾಗ್ ತಾಣಕ್ಕೆ ಹೋದವರಿಗೆ ತಮ್ಮ ಗೆಳೆಯರ ಹೆಸರುಗಳ ಮೇಲೆ ಅಡ್ಡಗೆರೆ ಕಂಡಿತು. ಖಾತೆ ಅಮಾನತಾದರೆ ಆ ತಾಣ ಹೆಸರನ್ನು ಹಾಗೆ ಹೊಡೆದು ತೋರಿಸುತ್ತಿತ್ತು. ಸುಮಾರು 500 ಖಾತೆಗಳು ಆಗ ಮುಚ್ಚಿದವು. ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಸಂಬಂಧಿಸಿದ ಪದಗಳು 'ಆಸಕ್ತಿಗಳು' ಪಟ್ಟಿಯಲ್ಲಿದ್ದುದೇ ಮುಖ್ಯ ಕಾರಣ. ಒಳಗಿನ ಬರಹವನ್ನು ಸರಿಯಾಗಿ ನೋಡದ ಕಾರಣ ದೌರ್ಜನ್ಯದಿಂದ ಪಾರಾದವರು ಒಬ್ಬರಿಗೊಬ್ಬರು ಧೈರ್ಯ ಹೇಳುತ್ತಿದ್ದ ಗುಂಪುಗಳೂ ಸಿಕ್ಕಿಕೊಂಡವು. ಕಂಪನಿ ಕ್ಷಮೆ ಕೇಳಿತು, ಹಲವು ಖಾತೆಗಳನ್ನು ಮತ್ತೆ ತೆರೆಯಿತು. ಹೋದ ನಂಬಿಕೆ ಮಾತ್ರ ಮರಳಲಿಲ್ಲ.

ಲೈವ್‌ಜರ್ನಲ್ ಹುಟ್ಟಿದ್ದು 1999ರ ಏಪ್ರಿಲ್‌ನಲ್ಲಿ. ವಿದ್ಯಾರ್ಥಿಯಾಗಿದ್ದ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಶಾಲೆಯ ಗೆಳೆಯರ ಜತೆ ಸಂಪರ್ಕದಲ್ಲಿರಲು ಅದನ್ನು ಕಟ್ಟಿದರು. ಗೆಳೆಯರ ಬರಹಗಳೆಲ್ಲ ಒಂದೇ ಪುಟದಲ್ಲಿ, ಹೊಸದು ಮೇಲೆ, ಹಳೆಯದು ಕೆಳಗೆ. ಉದ್ದದ ಬರಹವನ್ನು 'ಕಟ್' ಹಾಕಿ ಮಡಚಿಡಬಹುದಿತ್ತು, ಗೆಳೆಯರಿಗಷ್ಟೇ ಕಾಣುವಂತೆ ಬೀಗ ಹಾಕಬಹುದಿತ್ತು. ಇಂದಿನವರಿಗೆ ಬೇಕೆನಿಸುವ ನೆಮ್ಮದಿಯ ಬಹುಪಾಲು ಆಗಲೇ ಅಲ್ಲಿತ್ತು. ಕೆಟ್ಟದ್ದು ಒಡೆತನ ಕೈ ಬದಲಾದಂತೆ. 2005ರ ಜನವರಿಯಲ್ಲಿ ಸಿಕ್ಸ್ ಅಪಾರ್ಟ್ ಎಂಬ ಬ್ಲಾಗ್ ತಂತ್ರಾಂಶ ಕಂಪನಿ, 2007ರ ಡಿಸೆಂಬರ್‌ನಲ್ಲಿ ರಷ್ಯಾದ ಸುಪ್ ಕಂಪನಿ ಅದನ್ನು ಕೊಂಡವು. 2008ರ ಮಾರ್ಚ್‌ನಲ್ಲಿ ಹೊಸಬರಿಗೆ ಜಾಹೀರಾತಿಲ್ಲದ ಉಚಿತ ಖಾತೆ ನಿಂತಿತು.

ಅಲ್ಲೇ ಕೆಲಸ ಮಾಡಿದ್ದ ಡೆನೀಸ್ ಪಾವೊಲುಚಿ ಮತ್ತು ಮಾರ್ಕ್ ಸ್ಮಿತ್ ಲೈವ್‌ಜರ್ನಲ್‌ನ ಮುಕ್ತ ತಂತ್ರಾಂಶವನ್ನೇ ತೆಗೆದುಕೊಂಡು ಡ್ರೀಮ್‌ವಿಡ್ತ್ ಎಂಬ ಹೊಸ ಬ್ಲಾಗ್ ತಾಣ ಕಟ್ಟಿದರು. 2009ರ ಏಪ್ರಿಲ್ 30ರಂದು ಅದು ಪ್ರಾಯೋಗಿಕವಾಗಿ ತೆರೆಯಿತು. ಜಾಹೀರಾತು ಇಲ್ಲವೇ ಇಲ್ಲ. ಹಣ ಕೊಟ್ಟು ಖಾತೆ ಪಡೆದವರೇ ಉಚಿತ ಖಾತೆಗಳ ಖರ್ಚನ್ನೂ ಹೊರುತ್ತಾರೆ.

ಅವರು ಮಾಡಿದ ಅತಿ ಬುದ್ಧಿವಂತ ಬದಲಾವಣೆ 'ಫ್ರೆಂಡ್' ಎಂಬ ಪದವನ್ನು ಎರಡಾಗಿ ಒಡೆದದ್ದು. ಹಳೆಯ ತಾಣದಲ್ಲಿ ಒಬ್ಬರನ್ನು ಓದಬೇಕೆಂದು ಸೇರಿಸಿಕೊಂಡರೆ ನಿಮ್ಮ ಬೀಗ ಹಾಕಿದ ಬರಹವೂ ಅವರಿಗೆ ಕಾಣುತ್ತಿತ್ತು. ಪಟ್ಟಿಯಿಂದ ತೆಗೆದರೆ ಮುನಿಸು. ಇಲ್ಲಿ 'ಸಬ್‌ಸ್ಕ್ರೈಬ್' ಎಂದರೆ ನಾನು ಅವರದನ್ನು ಓದುತ್ತೇನೆ. 'ಆಕ್ಸೆಸ್' ಎಂದರೆ ನನ್ನ ಬೀಗದೊಳಗಿನದನ್ನು ಅವರು ಓದಬಹುದು. ಎರಡನ್ನೂ ಬೇರೆ ಬೇರೆಯಾಗಿ ಟಿಕ್ ಮಾಡಬೇಕು. ಎಷ್ಟೋ ಸ್ನೇಹ ಇದರಿಂದಲೇ ಉಳಿದಿರಬೇಕು.

2016ರ ಡಿಸೆಂಬರ್‌ನಲ್ಲಿ ಲೈವ್‌ಜರ್ನಲ್ ಸರ್ವರ್‌ಗಳು ರಷ್ಯಾಕ್ಕೆ ಹೋದವು. 2017ರ ಏಪ್ರಿಲ್‌ನಲ್ಲಿ ಹೊಸ ನಿಯಮಗಳು ಬಂದವು, ರಷ್ಯನ್ ಭಾಷೆಯ ಪ್ರತಿಯೇ ಅಂತಿಮ ಎಂಬ ಷರತ್ತಿನೊಂದಿಗೆ. ಮತ್ತೊಂದು ದೊಡ್ಡ ಗುಂಪು ಡ್ರೀಮ್‌ವಿಡ್ತ್‌ಗೆ ಹೊರಟಿತು. 2018ರ ಡಿಸೆಂಬರ್‌ನಲ್ಲಿ ಟಂಬ್ಲರ್ ಎಂಬ ಇನ್ನೊಂದು ಬ್ಲಾಗ್ ತಾಣ ವಯಸ್ಕರ ಚಿತ್ರ-ವಿಡಿಯೊಗಳನ್ನು ನಿಷೇಧಿಸಿದಾಗ ಅಲ್ಲಿಂದಲೂ ಜನ ಬಂದರು.

ಹಳೆಯ ಲೈವ್‌ಜರ್ನಲ್ ಖಾತೆ ಇನ್ನೂ ಇರುವವರು ಡ್ರೀಮ್‌ವಿಡ್ತ್‌ನ ಆಮದು ಪುಟದಲ್ಲಿ ಹಳೆಯ ಹೆಸರು, ಪಾಸ್‌ವರ್ಡ್ ಕೊಟ್ಟರೆ ಬರಹ, ಟ್ಯಾಗ್, ಪ್ರತಿಕ್ರಿಯೆಗಳು ಬರುತ್ತವೆ. ಕೆಲಸ ಸರದಿಯಲ್ಲಿ ನಡೆಯುವುದರಿಂದ ತಕ್ಷಣ ಕಾಣದಿದ್ದರೆ ಗಾಬರಿ ಬೇಡ. ಅದೇ ಪಾಸ್‌ವರ್ಡ್ ಬೇರೆಲ್ಲಾದರೂ ಬಳಸಿದ್ದರೆ ಮೊದಲು ಬದಲಿಸಿ. ಬೀಗ ಹಾಕಿದ ಬರಹ ಬೀಗದೊಂದಿಗೇ ಬರುತ್ತದೆ, ಆದರೆ ಹೊಸ ಜಾಗದಲ್ಲಿ ಆಕ್ಸೆಸ್ ಕೊಡುವವರೆಗೆ ಅದು ನಿಮಗಷ್ಟೇ ಕಾಣುತ್ತದೆ. ಹೆಚ್ಚು ಜನ ಎಡವುವುದು ಚಿತ್ರಗಳಲ್ಲಿ. ಆಮದಾಗುವುದು ಚಿತ್ರದ ಕೊಂಡಿ ಮಾತ್ರ, ಫೈಲ್ ಅಲ್ಲ. ಹಳೆಯ ಖಾತೆ ಅಳಿಸಿದ ಮೇಲೆ ಬರಹದ ನಡುವೆ ಖಾಲಿ ಚೌಕ ಉಳಿಯಬಹುದು. ಚಿತ್ರಗಳನ್ನು ಕಂಪ್ಯೂಟರ್‌ಗೆ ಇಳಿಸಿ, ಹೊಸದಾಗಿ ಏರಿಸಿ, ಕೊಂಡಿ ತಿದ್ದಿದ ಮೇಲೆಯೇ ಹಳೆಯದನ್ನು ಮುಚ್ಚಿ.

ಇನ್‌ಸ್ಟಾಗ್ರಾಂನಿಂದ ಬರುವವರಿಗೆ ಮೊದಲಲ್ಲಿ ಓದುವ ಪುಟ ಖಾಲಿಯಾಗಿ ಕಾಣುತ್ತದೆ. ತಾಣ ತಾನಾಗಿ ಏನನ್ನೂ ತಂದು ಸುರಿಯುವುದಿಲ್ಲ. ಆಸಕ್ತಿಯ ಹೆಸರಿನಲ್ಲಿ ಹುಡುಕಿ, ಈಚೆಗೆ ಬರಹ ಬಂದಿರುವ ನಾಲ್ಕೈದು ಸಮುದಾಯಗಳಿಗೆ ಸೇರಿ, ಓದಿದ್ದಕ್ಕೆ ಎರಡು ಸಾಲು ಪ್ರತಿಕ್ರಿಯೆ ಬರೆಯಬೇಕು. ಒತ್ತಲು ಲೈಕ್ ಗುಂಡಿ ಇಲ್ಲ.