ಮಾಸು ಒಂದೇ, ಕೂಸು ಎರಡು: ನೂರು ವರ್ಷ ಬದಿಗೆ ಬಿದ್ದಿದ್ದ ನೀರಿನ ಲೆಕ್ಕ

ತದ್ರೂಪಿ ಅವಳಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಂದೇ ಮಾಸನ್ನು (ಪ್ಲಸೆಂಟಾ) ಹಂಚಿಕೊಂಡು ಬೆಳೆಯುತ್ತವೆ. ಆ ಮಾಸಿನಲ್ಲಿ ಇಬ್ಬರ ರಕ್ತನಾಳಗಳೂ ಅಲ್ಲಲ್ಲಿ ಕೂಡಿಕೊಂಡಿರುತ್ತವೆ. ಅತ್ತ ಹೋದಷ್ಟು ರಕ್ತ ಇತ್ತ ವಾಪಸ್ ಬಂದರೆ ತೊಂದರೆಯಿಲ್ಲ. ಇಂಥ ನೂರು ಬಸಿರಿನಲ್ಲಿ 10ರಿಂದ 15ರಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ಒಂದು ಮಗು ಕೊಡುತ್ತಲೇ ಇರುತ್ತದೆ, ಇನ್ನೊಂದಕ್ಕೆ ಬರುತ್ತಲೇ ಇರುತ್ತದೆ. ಇದೇ ಟ್ವಿನ್-ಟ್ವಿನ್ ಟ್ರಾನ್ಸ್‌ಫ್ಯೂಷನ್ ಸಿಂಡ್ರೋಮ್.

ಗರ್ಭದ ನೀರಿನಲ್ಲಿ ಬಹುಪಾಲು ಮಗುವಿನ ಮೂತ್ರವೇ. ಕೊಡುವ ಮಗುವಿಗೆ ರಕ್ತ ಸಾಲದೆ ಮೂತ್ರ ಕಡಿಮೆಯಾಗುತ್ತದೆ. ನೀರು ಬತ್ತಿ, ಪೊರೆ ಮೈಗೆ ಅಂಟಿ, ಮಗು ಗರ್ಭಕೋಶದ ಗೋಡೆಗೆ ಒತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದೆ. ಇನ್ನೊಂದರ ಚೀಲ ಉಬ್ಬುತ್ತದೆ. ಜಾಸ್ತಿ ಸಿಕ್ಕವನೇ ಅದೃಷ್ಟವಂತ ಅನ್ನುವ ಹಾಗಿಲ್ಲ, ಅವನ ಹೃದಯ ಆ ಭಾರಕ್ಕೆ ಸೋಲುತ್ತದೆ. ಹಾಗೇ ಬಿಟ್ಟರೆ ಹೆಚ್ಚಿನ ಸಲ ಇಬ್ಬರೂ ಉಳಿಯುವುದಿಲ್ಲ.

ಜರ್ಮನಿಯ ಪ್ರಸೂತಿ ತಜ್ಞ ಫ್ರೆಡ್ರಿಕ್ ಶಾಟ್ಸ್ 1882ರಲ್ಲೇ ಇದನ್ನು ಬರೆದಿದ್ದ. ಒಂದು ಕಡೆ ನೀರು ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಂಬುದು ಅವನ ಲೇಖನದ ತಲೆಬರಹದಲ್ಲೇ ಇತ್ತು. ಆಮೇಲೆ ಬಂದವರು ಮಾತ್ರ ತಕ್ಕಡಿ ಹಿಡಿದರು. ಹುಟ್ಟಿದ ಮಕ್ಕಳ ತೂಕದಲ್ಲಿ ಶೇ. 20, ಹಿಮೋಗ್ಲೋಬಿನ್‌ನಲ್ಲಿ 5 ಗ್ರಾಂ ವ್ಯತ್ಯಾಸವಿದ್ದರೆ ಈ ತೊಂದರೆ ಎಂದು ಲೆಕ್ಕ ಹಾಕಿದರು. ಹುಟ್ಟಿದ ಮೇಲೆ ಗೊತ್ತಾಗಿ ಏನು ಉಪಯೋಗ, ಅಲ್ವಾ? ಸಾಲದ್ದಕ್ಕೆ, ತೂಕದ ವ್ಯತ್ಯಾಸಕ್ಕೆ ಬೇರೆ ಕಾರಣಗಳೂ ಇರುತ್ತವೆ.

ಸ್ಕ್ಯಾನಿಂಗ್ ಬಂದ ಮೇಲೆ ನೀರಿನ ಲೆಕ್ಕ ಮತ್ತೆ ಎದ್ದು ಬಂತು. ಒಂದು ಚೀಲದಲ್ಲಿ ನೀರಿನ ಆಳ 8 ಸೆಂ.ಮೀ. ದಾಟಿ, ಇನ್ನೊಂದರಲ್ಲಿ 2ಕ್ಕಿಂತ ಕಡಿಮೆಯಾದರೆ ರೋಗ ಖಚಿತ. 1999ರಲ್ಲಿ ಅಮೆರಿಕದ ವೈದ್ಯ ರೂಬೆನ್ ಕ್ವಿಂಟೆರೋ ಇದನ್ನು ಐದು ಹಂತಗಳಾಗಿ ವಿಂಗಡಿಸಿದರು.

ಚಿಕಿತ್ಸೆ ಮೊದಲು ಸೂಜಿಯಿಂದ ನೀರು ತೆಗೆಯುವುದಷ್ಟೇ ಆಗಿತ್ತು. ತುಂಬಿದ್ದು ಇಳಿಯುತ್ತಿತ್ತು, ನಾಳ ಹಾಗೇ ಉಳಿಯುತ್ತಿತ್ತು. ಅಮೆರಿಕದ ಜೂಲಿಯನ್ ಡಿ ಲಿಯಾ, ಗರ್ಭದೊಳಗೆ ಸಣ್ಣ ದುರ್ಬೀನು ಇಳಿಸಿ ಕೂಡಿಕೊಂಡ ನಾಳಗಳನ್ನೇ ಲೇಸರ್‌ನಿಂದ ಸುಟ್ಟು ಮುಚ್ಚಿದ ವರದಿಯನ್ನು 1990ರಲ್ಲಿ ಪ್ರಕಟಿಸಿದರು. ಯಾವುದು ಮೇಲು ಎಂಬ ಜಗಳ 2004ರವರೆಗೂ ನಡೆಯಿತು. ಆ ವರ್ಷ ಯುರೋಪಿನಲ್ಲಿ 142 ತಾಯಂದಿರ ಮೇಲೆ ನಡೆದ ಹೋಲಿಕೆಯ ಫಲಿತಾಂಶ ಬಂತು. ಕನಿಷ್ಠ ಒಂದು ಮಗುವಾದರೂ 28 ದಿನ ದಾಟಿದ್ದು ಲೇಸರ್‌ನಲ್ಲಿ ಶೇ. 76, ನೀರು ತೆಗೆದವರಲ್ಲಿ ಶೇ. 56. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು.

ಆದರೂ ಲೇಸರ್ ಕಣ್ತಪ್ಪಿದ ಎಳೆಯಷ್ಟು ಸಣ್ಣ ನಾಳ ಉಳಿದರೆ ರಕ್ತ ನಿಧಾನವಾಗಿ ಸೋರುತ್ತಲೇ ಇರುತ್ತದೆ. ಒಂದು ಮಗು ಬಿಳಿಚಿಕೊಳ್ಳುತ್ತದೆ, ಇನ್ನೊಂದರ ರಕ್ತ ಮಂದವಾಗುತ್ತದೆ. ಇಲ್ಲಿ ನೀರು ಅಳೆದರೆ ಏನೂ ತಿಳಿಯದು. ಮಗುವಿನ ಮೆದುಳಿನ ರಕ್ತನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಓಡುತ್ತಿದೆ ಎಂದು ಡಾಪ್ಲರ್ ಸ್ಕ್ಯಾನ್‌ನಲ್ಲಿ ನೋಡಬೇಕು.