ಮಗುವಿನ ಮರದ ಪೆಟ್ಟಿಗೆಗೆ ಹಳೆಯ ಕಾಲದ ಮುಚ್ಚಳ ಹಾಕಿಸಬಹುದೇ?

ಪ್ರಶ್ನೆ: ಮೂರು ವರ್ಷದ ಮೊಮ್ಮಗಳ ಆಟಿಕೆಗಳನ್ನಿಡಲು ಮರದ ಪೆಟ್ಟಿಗೆಯೊಂದನ್ನು ಮಾಡಿಸಬೇಕೆಂದಿದ್ದೇನೆ. ನಮ್ಮ ಮನೆಯ ಹಳೆಯ ಪೆಟ್ಟಿಗೆಗಿರುವಂತೆ ದಪ್ಪ ಹಲಗೆಯ ಮುಚ್ಚಳ ಮತ್ತು ಹಿತ್ತಾಳೆಯ ಚಿಲಕ ಇದಕ್ಕೂ ಇರಬಹುದೇ?

ಉತ್ತರ: ಪೆಟ್ಟಿಗೆ ಅಗತ್ಯವಾಗಿ ಮಾಡಿಸಿ, ಆದರೆ ಆ ಮುಚ್ಚಳವೂ ಬೇಡ, ಚಿಲಕವೂ ಬೇಡ. ಹಳೆಯ ಪೆಟ್ಟಿಗೆಗಳು ಒಡವೆ, ರೇಷ್ಮೆ ಸೀರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಕಾಪಾಡಲು ಹುಟ್ಟಿದವು. ಇದಾದರೋ ಮಗುವೇ ದಿನಕ್ಕೆ ಹತ್ತಾರು ಸಲ ತೆರೆಯುವ, ಕಣ್ಣಾಮುಚ್ಚಾಲೆಯಾಡುವಾಗ ಒಳಗೇ ಇಳಿದು ಕೂರಬಹುದಾದ ವಸ್ತು.

ಚಿಲಕದ ಅಪಾಯ ಊಹೆಯ ಮಾತಲ್ಲ. ಅಮೆರಿಕದ ಲೇನ್ ಕಂಪನಿ 1912ರಿಂದ 1987ರವರೆಗೆ ತಯಾರಿಸಿದ ಪೆಟ್ಟಿಗೆಗಳಲ್ಲಿ ಮುಚ್ಚಿದೊಡನೆ ತಾನಾಗಿಯೇ ಬೀಗ ಬೀಳುವ ಏರ್ಪಾಡಿತ್ತು. ಒಳಗೆ ಸಿಕ್ಕಿಕೊಂಡ ಮಕ್ಕಳು ಉಸಿರುಗಟ್ಟಿ ಸತ್ತ ಮೇಲೆ, 1996ರಲ್ಲಿ ಸುಮಾರು 1.2 ಕೋಟಿ ಪೆಟ್ಟಿಗೆಗಳ ಬೀಗ ಬದಲಿಸಲು ಕರೆ ನೀಡಬೇಕಾಯಿತು. ಆದ್ದರಿಂದ ಒಳಗಿನಿಂದ ತಳ್ಳಿದರೆ ಸಲೀಸಾಗಿ ತೆರೆದುಕೊಳ್ಳುವಂತಿರಬೇಕು, ಗಾಳಿಯೂ ಆಡಬೇಕು. ಇದಕ್ಕೆ ಸುಲಭದ ದಾರಿಯೆಂದರೆ ಮುಂದಿನ ಹಲಗೆಯ ಮೇಲಂಚನ್ನು ನಡುವೆ ಒಂದಡಿ ಉದ್ದಕ್ಕೆ, 25 ಮಿ.ಮೀ. ಆಳಕ್ಕೆ ಕೊರೆಸುವುದು. ಗೋಡೆಗೆ ಒತ್ತಿಟ್ಟರೂ ಈ ಕಂಡಿ ಮುಚ್ಚಿಹೋಗುವುದಿಲ್ಲ. ಮುಚ್ಚುವಾಗ ಪುಟ್ಟ ಬೆರಳುಗಳೂ ಅಲ್ಲಿ ಜಜ್ಜುವುದಿಲ್ಲ.

ಇನ್ನು ಮುಚ್ಚಳ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 18 ಮಿ.ಮೀ. ದಪ್ಪದ ತೇಗದ ಹಲಗೆ ನಾಲ್ಕೂವರೆ ಕಿಲೋದಷ್ಟು ತೂಗುತ್ತದೆ, ಮತ್ತು ತಳದಲ್ಲಿರುವ ಗೊಂಬೆಗಾಗಿ ಬಗ್ಗಿದ ಮಗುವಿನ ಕತ್ತು ಇರುವುದು ಸರಿಯಾಗಿ ಅದು ಬೀಳುವ ಅಂಚಿನ ಮೇಲೆ. 12 ಮಿ.ಮೀ. ಪ್ಲೈವುಡ್ಡಿಗೆ ಸುತ್ತ ಬೀಡಿಂಗ್ ಹೊಡೆಸಿದರೆ ಭಾರ ಮೂರು ಕಿಲೋ ಆಸುಪಾಸಿಗೆ ಇಳಿಯುತ್ತದೆ, ನೋಟಕ್ಕೇನೂ ಕೊರತೆಯಾಗದು. ಅಷ್ಟಕ್ಕೇ ನಿಲ್ಲಿಸದೆ, ಎಷ್ಟು ಎತ್ತಿ ಬಿಟ್ಟರೂ ಮುಚ್ಚಳವನ್ನು ಅಲ್ಲೇ ತಡೆದು ನಿಲ್ಲಿಸುವ ಲಿಡ್ ಸ್ಟೇ ಎಂಬ ಆಧಾರದ ಸಾಧನವನ್ನೂ ಹಾಕಿಸಬೇಕು. ಮುಚ್ಚಳದ ತೂಕವನ್ನು ಅದರ ಅರ್ಧ ಅಗಲದಿಂದ ಗುಣಿಸಿದರೆ ಲಿಡ್ ಸ್ಟೇ ತಡೆಯಬೇಕಾದ ತಿರುಗುಬಲದ ಅಂದಾಜು ಸಿಗುತ್ತದೆ: ಮೂರು ಕಿಲೋವನ್ನು 22.5 ಸೆಂ.ಮೀ.ನಿಂದ ಗುಣಿಸಿದರೆ 67.5 ಕಿಲೋ-ಸೆಂ.ಮೀ., ಅಂದರೆ ಸುಮಾರು 6.6 ನ್ಯೂಟನ್-ಮೀಟರ್. ಲಿಡ್ ಸ್ಟೇ ಆರಿಸುವಾಗ ಈ ಅಂಕಿಯನ್ನೇ ನೋಡಿ. ಹೈಡ್ರಾಲಿಕ್ ಮಂಚಕ್ಕೆ ಹಾಕಿ ಉಳಿದ ಗ್ಯಾಸ್ ಸ್ಪ್ರಿಂಗನ್ನೇ ಇದಕ್ಕೂ ಜೋಡಿಸುತ್ತೇನೆಂದು ಬಡಗಿ ಹೇಳಿದರೆ ಒಪ್ಪಬೇಡಿ. ಬಲ ಹೆಚ್ಚಾದರೆ ಮುಚ್ಚಳ ಚಿಮ್ಮಿ ಮೇಲೇಳುತ್ತದೆ.

ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಮುಚ್ಚಳವನ್ನು 5 ಸೆಂ.ಮೀ. ಎತ್ತರದಿಂದ ಮೊದಲುಮಾಡಿ 60 ಡಿಗ್ರಿಯವರೆಗೆ ಬೇರೆ ಬೇರೆ ಕಡೆ ನಿಲ್ಲಿಸಿ ಕೈಬಿಟ್ಟರೆ, ಅದು ಎಲ್ಲಿಯೂ 12 ಮಿ.ಮೀ.ಗಿಂತ ಹೆಚ್ಚು ಜಾರಬಾರದು. ಆಟಿಕೆಗಳ ಸುರಕ್ಷತೆಯ ಮಾನಕಗಳು ಇಟ್ಟಿರುವ ಅಳತೆಯೂ ಇದೇ. ಹಿಂದಿನ ಅಂಚಿಗೆ ಎರಡು ಬಿಡಿ ಬಿಜಾಗರಿಗಳ ಬದಲು ಉದ್ದಕ್ಕೂ ಒಂದೇ ಪಿಯಾನೊ ಹಿಂಜ್ ಕೂರಿಸಿದರೆ ಬೆರಳು ಸಿಕ್ಕುವ ಸಂದು ಉಳಿಯುವುದಿಲ್ಲ.

ಮರ ತೇಗವೋ ಹಲಸೋ ಸಿಲ್ವರ್ ಓಕೋ ಎಂಬುದು ನಿಮ್ಮ ಖರ್ಚಿಗೆ ಬಿಟ್ಟದ್ದು. ಬಣ್ಣವನ್ನು ಮಾತ್ರ ಹೊಸ ಡಬ್ಬಿಯಿಂದಲೇ ಬಳಿಸಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಅಟ್ಟದ ಮೇಲಿನ ಹಳೆಯ ಡಬ್ಬಿ ಅದಕ್ಕೂ ಹಿಂದಿನದಿರಬಹುದು.

ಒಳ್ಳೆಯ ಲಿಡ್ ಸ್ಟೇ ನಿಮ್ಮೂರಿನಲ್ಲಿ ಸಿಗದಿದ್ದರೆ, ಸದ್ಯಕ್ಕೆ ಮುಚ್ಚಳವಿಲ್ಲದ ಪೆಟ್ಟಿಗೆಯನ್ನೇ ಮಾಡಿಸಿ. ಮಗು ಶಾಲೆಗೆ ಹೋಗುವಷ್ಟು ದೊಡ್ಡದಾದ ಮೇಲೆ ಮುಚ್ಚಳ ಸೇರಿಸುವುದು ಬಡಗಿಗೆ ಅರ್ಧ ದಿನದ ಕೆಲಸ.