ಕ್ಲೀನರ್ ಮೀನು ತೆಗೆದರೆ ಏನಾಗುತ್ತದೆ? ಉತ್ತರಕ್ಕೆ ಹಿಡಿದದ್ದು ಐವತ್ತು ವರ್ಷ

ನೀಲಿ ಮೈ, ಉದ್ದಕ್ಕೂ ಕಪ್ಪು ಪಟ್ಟೆ, ಬೆರಳಿಗಿಂತ ತುಸು ಉದ್ದ. ಹವಳದ ದಿಬ್ಬದ ಒಂದು ಮೂಲೆಯನ್ನು ತನ್ನದಾಗಿಸಿಕೊಂಡು ಮೇಲೆ ಕೆಳಗೆ ಕುಣಿಯುತ್ತ ಈಜುವ ಈ ಮೀನಿನ ಹೆಸರು ಲ್ಯಾಬ್ರಾಯ್ಡಿಸ್ ಡಿಮಿಡಿಯೇಟಸ್. ಕೆಂಪು ಸಮುದ್ರ, ಲಕ್ಷದ್ವೀಪ, ಆಸ್ಟ್ರೇಲಿಯಾ ಎಲ್ಲೆಡೆ ಇದರ ಸಂತತಿಯಿದೆ. ನಮ್ಮ ಕರಾವಳಿಯವರು ಮುರು ಎನ್ನುವ ಗ್ರೂಪರ್‌ನಂಥ ಬೇಟೆಗಾರ ಮೀನೂ ಇದರ ಮುಂದೆ ಬಾಯಿ ತೆರೆದು, ಕಿವಿರು ಅಗಲಿಸಿ ನಿಲ್ಲುತ್ತದೆ. ಒಳಗೆ ಹೊಕ್ಕು ಪರೋಪಜೀವಿಗಳನ್ನು ಹೆಕ್ಕಿ ತಿಂದು ಕ್ಲೀನರ್ ಮೀನು ಸುರಕ್ಷಿತವಾಗಿ ಹೊರಬರುತ್ತದೆ.

ಇದರಿಂದ ಉಳಿದ ಮೀನುಗಳಿಗೆ ಉಪಯೋಗವಿದೆ ಎಂಬುದು ನೋಡಿದವರಿಗೆಲ್ಲ ಸ್ಪಷ್ಟ. ಅದನ್ನು ಸಾಬೀತು ಮಾಡುವುದು ಮಾತ್ರ ಬಹಳ ಕಷ್ಟವಾಯಿತು.

ಮೊದಲು ಪರೀಕ್ಷಿಸಿದವರು ಅಮೆರಿಕದ ಕಾನ್ರಾಡ್ ಲಿಂಬಾ. ಬಹಾಮಾಸ್‌ನ ಎರಡು ಪುಟ್ಟ ದಿಬ್ಬಗಳಿಂದ ಶುಚಿಮಾಡುವ ಜೀವಿಗಳನ್ನೆಲ್ಲ ಅವರು ಹಿಡಿದು ತೆಗೆದರು. ಎರಡು ವಾರದೊಳಗೆ, ಜಾಗ ಬಿಟ್ಟು ಕದಲದ ಮೀನುಗಳನ್ನುಳಿದು ಬಹುತೇಕ ಎಲ್ಲವೂ ಕಾಣೆಯಾದವು. ಉಳಿದವುಗಳ ಮೈಯಲ್ಲಿ ಹುಣ್ಣು, ರೆಕ್ಕೆಗಳು ಹರಿದಿದ್ದವು. 1961ರಲ್ಲಿ ಪ್ರಕಟವಾದ ಈ ಬರಹ ಪಠ್ಯಪುಸ್ತಕ ಸೇರಿತು. ಆದರೆ ಪ್ರಯೋಗದಲ್ಲಿ ದೊಡ್ಡ ಕೊರತೆಯಿತ್ತು: ಕ್ಲೀನರ್‌ಗಳನ್ನು ಹಾಗೇ ಬಿಟ್ಟ ದಿಬ್ಬಗಳನ್ನು ಪಕ್ಕಕ್ಕಿಟ್ಟು ಹೋಲಿಸಿರಲಿಲ್ಲ. 1968 ಮತ್ತು 1972ರಲ್ಲಿ ಪ್ರಕಟವಾದ ಹವಾಯಿಯ ಪ್ರಯೋಗಗಳಲ್ಲಿ ಕ್ಲೀನರ್‌ಗಳನ್ನು ತೆಗೆದರೂ ಏನೂ ಆಗಲಿಲ್ಲ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಅಲೆಕ್ಸಾಂಡ್ರಾ ಗ್ರಟರ್ ಆರು ತಿಂಗಳು ಕಾದು ನೋಡಿದರು. 1997ರ ಅವರ ವರದಿಯಲ್ಲೂ ಮೀನುಗಳ ಸಂಖ್ಯೆ ಬದಲಾಗಿರಲಿಲ್ಲ.

ಆದರೆ ಕ್ಲೀನರ್‌ಗಳ ದಿನಚರಿ ಲೆಕ್ಕಹಾಕಿದ್ದೂ ಅವರೇ. ಒಂದು ಮೀನು ದಿನಕ್ಕೆ ಸುಮಾರು 2,300 ಮೀನುಗಳ ಮೈ ತಡಕಿ, 1,200 ಪರೋಪಜೀವಿಗಳನ್ನು ತಿನ್ನುತ್ತದೆ. ಅವುಗಳಲ್ಲಿ ಹೆಚ್ಚಿನವು ನ್ಯಾಥಿಯಿಡ್ ಎಂಬ ಪುಟ್ಟ ಜೀವಿಯ ಮರಿಗಳು. ದನಕ್ಕೆ ಉಣ್ಣಿ ಹತ್ತಿದಂತೆ ಇವು ಮೀನಿಗೆ ಹತ್ತಿ, ರಕ್ತ ಹೀರಿ, ಕೆಲವೇ ಗಂಟೆಗಳಲ್ಲಿ ಉದುರಿಬಿಡುತ್ತವೆ. ಹೀಗಾಗಿ ಯಾವ ಹೊತ್ತಿನಲ್ಲಿ ಎಣಿಸಿದಿರಿ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಗ್ರಟರ್ ಮೀನುಗಳನ್ನು ಪಂಜರದಲ್ಲಿಟ್ಟು ದಿಬ್ಬಗಳ ಮೇಲಿರಿಸಿ, ಹೊತ್ತು ನೋಡಿ ಎಣಿಸಿದರು. 12 ಗಂಟೆಯ ಬಳಿಕ, ಸಂಜೆ ಹೊತ್ತಿಗೆ, ಕ್ಲೀನರ್ ಇಲ್ಲದ ಕಡೆ ನ್ಯಾಥಿಯಿಡ್‌ಗಳು 3.8 ಪಟ್ಟು ಹೆಚ್ಚಿದ್ದವು. 1999ರಲ್ಲಿ ಇದು ಪ್ರಕಟವಾಯಿತು. ಒಂದು ಹಗಲಿನ ಲೆಕ್ಕ ಹಳೆಯ ಗೊಂದಲದ ಅರ್ಧವನ್ನು ಬಿಡಿಸಿತು.

ಉಳಿದರ್ಧ ತಾಳ್ಮೆಯದು. ಕೆಂಪು ಸಮುದ್ರದ ರಾಸ್ ಮೊಹಮ್ಮದ್‌ನಲ್ಲಿ ರೆಡುವಾನ್ ಬ್ಶಾರಿ ಕಂಡದ್ದು: ಕ್ಲೀನರ್ ಬಂದ ದಿಬ್ಬಕ್ಕೆ ಹೊಸ ಮೀನುಗಳು ಕೆಲವೇ ವಾರಗಳಲ್ಲಿ ಸೇರುತ್ತವೆ, ಅದು ಹೋದರೆ ಕುಸಿತ ಕಾಣಲು 4ರಿಂದ 20 ತಿಂಗಳು ಬೇಕು. ಹವಾಯಿಯವರಾಗಲಿ ಗ್ರಟರ್ ಆಗಲಿ ಸೋತದ್ದಕ್ಕೆ ಅವಸರವೂ ಒಂದು ಕಾರಣವೆಂದೇ ನಮ್ಮ ಅಭಿಪ್ರಾಯ. ದೀರ್ಘ ಪ್ರಯೋಗಕ್ಕೆ ಇನ್ನೊಂದು ತೊಡಕಿದೆ. ಕ್ಲೀನರ್ ಮರಿಗಳು ನೀರಿನ ಸೆಳೆತದಲ್ಲಿ ತೇಲಿಬಂದು ಖಾಲಿ ದಿಬ್ಬದಲ್ಲಿ ನೆಲೆಯೂರುತ್ತವೆ. ಒಮ್ಮೆ ತೆಗೆದು ಸುಮ್ಮನಾದರೆ ಪ್ರಯೋಗವೇ ಕೆಡುತ್ತದೆ. ಲಿಜರ್ಡ್ ದ್ವೀಪದಲ್ಲಿ 2000ದಿಂದ ಸುಮಾರು ಮೂರು ತಿಂಗಳಿಗೊಮ್ಮೆ ಮುಳುಗಿ, ಹೊಸದಾಗಿ ಬಂದವನ್ನು ಬಲೆಯಲ್ಲಿ ಹಿಡಿದು ತೆಗೆಯುತ್ತಲೇ ಹೋದರು. 18 ತಿಂಗಳಿಗೆ, ದಿಬ್ಬದಿಂದ ದಿಬ್ಬಕ್ಕೆ ಅಲೆಯುವ ಮೀನುಗಳ ಸಂಖ್ಯೆ ಕಾಲುಭಾಗಕ್ಕೆ, ಜಾತಿಗಳು ಅರ್ಧಕ್ಕೆ ಇಳಿದಿದ್ದವು. ಎಂಟೂವರೆ ವರ್ಷದ ಲೆಕ್ಕ 2011ರಲ್ಲಿ ಬಂತು: ದಿಬ್ಬ ಬಿಟ್ಟು ಹೋಗದ ಮೀನುಗಳೂ 37% ಕಡಿಮೆ, ಅವುಗಳ ಜಾತಿಗಳು 23% ಕಡಿಮೆ.

ಕ್ಲೀನರ್ ಮೀನಿಗೆ ನಿಜಕ್ಕೂ ಇಷ್ಟವಾದದ್ದು ಉಣ್ಣಿಯಲ್ಲ, ಶುಚಿಗೆಂದು ಬಂದ ಗಿರಾಕಿ ಮೀನಿನ ಮೈಮೇಲಿನ ಲೋಳೆ. ಅದನ್ನು ಕಚ್ಚಿದರೆ ಗಿರಾಕಿ ಬೆಚ್ಚಿ ಓಡುತ್ತದೆ ಅಥವಾ ಅಟ್ಟಿಸಿಕೊಂಡು ಬರುತ್ತದೆ. ಆ ಭಯವೇ ಕೆಲಸವನ್ನು ನೆಟ್ಟಗಿಡುತ್ತದೆ. ಜೋಡಿಯಲ್ಲಿ ದುಡಿಯುವಾಗ ಹೆಣ್ಣು ಲೋಳೆ ಕಚ್ಚಿ ಗಿರಾಕಿಯನ್ನು ಓಡಿಸಿದರೆ, ಗಂಡು ಆ ಹೆಣ್ಣನ್ನೇ ಬೆನ್ನಟ್ಟಿ ಶಿಕ್ಷಿಸುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಈ ಮೀನನ್ನು ಅಕ್ವೇರಿಯಂಗೆಂದು ಹಿಡಿದು ಮಾರುವುದು ನಿಂತಿಲ್ಲ. ಗಾಜಿನ ತೊಟ್ಟಿಯ ಹತ್ತಾರು ಮೀನುಗಳ ಮೈಯಲ್ಲಿ ದಿನಕ್ಕೆ ಸಾವಿರ ಪರೋಪಜೀವಿ ಎಲ್ಲಿ ಸಿಗಬೇಕು? ತೊಟ್ಟಿಯ ಆಹಾರಕ್ಕೆ ಒಗ್ಗದವು ಸೊರಗಿ ಸಾಯುತ್ತವೆ. ಸಣ್ಣ ದಿಬ್ಬವೊಂದರಲ್ಲಿ ಕ್ಲೀನರ್‌ಗಳು ಇರುವುದೇ ಒಂದೆರಡು. ಅವನ್ನು ಹಿಡಿದು ಒಯ್ದವರು ಲಿಜರ್ಡ್ ದ್ವೀಪದ ಪ್ರಯೋಗವನ್ನೇ ಮತ್ತೊಂದು ದಿಬ್ಬದಲ್ಲಿ ಶುರುಮಾಡಿದಂತೆ. ಅಲ್ಲಿ ಮೀನು ಎಣಿಸಲು ಯಾರೂ ಇರುವುದಿಲ್ಲ.